ಮರಗೆಲಸಕ್ಕೆ ಬಡಿದ ಚೆಂಡು

ಕೆಲವು ದಿನಗಳ ಹಿಂದೆ ನಮ್ಮ ತಾಲ್ಲೂಕಿನ ಇಂಗ್ಲಿಷ್ ಶಿಕ್ಷಕರ ಸಭೆಯೊಂದಕ್ಕೆ ನನ್ನನ್ನು ಆಹ್ವಾನಿಸಿದ್ದರು. ನಿವೃತ್ತರನ್ನು ಕರೆಯುವುದು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಎರಡು ಹಿತವಚನ ಕೇಳಿಸಿಕೊಂಡು ಕಳುಹಿಸುವುದಕ್ಕೆ ಎಂಬುದು ನನಗೆ ತಿಳಿಯದ ಸಂಗತಿಯಲ್ಲ. ಆದರೂ ಮಾತನಾಡಿ ಎಂದರೆಂದು ಮಾತನಾಡಿದೆ. ಒಂಬತ್ತು ಮತ್ತು ಹತ್ತನೆಯ ತರಗತಿಯ ಹೆಣ್ಣುಮಕ್ಕಳಿಗೆ ವಾರಕ್ಕೊಂದು ಅವಧಿಯಾದರೂ ಮಹಿಳಾ ಫುಟ್‌ಬಾಲ್ ಪಂದ್ಯದ ಇಂಗ್ಲಿಷ್ ವೀಕ್ಷಕ ವಿವರಣೆಯನ್ನು ಕೇಳಿಸಿರಿ, ನುಡಿಗಟ್ಟುಗಳ ಪಟ್ಟಿ ಬರೆಸುವುದನ್ನು ನಿಲ್ಲಿಸಿರಿ ಎಂಬುದೇ ನನ್ನ ಮಾತಿನ ಸಾರ. ಸಭೆಯಲ್ಲಿ ನಗು ಎದ್ದಿತು. ಹಿರಿಯ ಮುಖ್ಯೋಪಾಧ್ಯಾಯರೊಬ್ಬರು, ಹೆಸರು ಬೇಡ, ಸಜ್ಜನರೇ, ಎದ್ದು ನಿಂತು, "ಮೇಡಂ, ನಾವು ಮಕ್ಕಳಿಗೆ ಭಾಷೆ ಕಲಿಸಬೇಕೋ ಚೆಂಡಾಟ ಕಲಿಸಬೇಕೋ? ಅದೂ ಹೆಂಗಸರ ಚೆಂಡಾಟ!" ಎಂದರು. ಚಪ್ಪಾಳೆ ಬಿತ್ತು. ಊಟದ ಹೊತ್ತಾಗಿದ್ದುದರಿಂದ ನನಗೆ ಉತ್ತರಿಸಲು ಅವಕಾಶ ದೊರೆಯಲಿಲ್ಲ. ಇಲ್ಲಿ ಯಾರಿಗೂ ಊಟದ ಅವಸರವಿಲ್ಲವಾದ್ದರಿಂದ ಉತ್ತರಿಸುತ್ತೇನೆ.

ಮೊದಲು ನನ್ನ ತಪ್ಪೊಪ್ಪಿಗೆ. ಮೂವತ್ತೆರಡು ವರ್ಷ ನಾನೂ ಆ ಪಟ್ಟಿಯನ್ನು ಬರೆಸಿದವಳೇ. ಪ್ರತಿ ವರ್ಷ ಡಿಸೆಂಬರ್ ಬಂದೊಡನೆ ಐವತ್ತು ನುಡಿಗಟ್ಟು, ಎದುರಿಗೆ ಅರ್ಥ, ಕೆಳಗೊಂದು ವಾಕ್ಯ. 'ರೈನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್' ಎಂದು ಬೋರ್ಡಿನ ಮೇಲೆ ಬರೆಯುವಾಗ ಹಿಂದಿನ ಬೆಂಚಿನಲ್ಲಿ ಯಾರಾದರೂ ನಾಯಿಯಂತೆ ಬೊಗಳುವುದು, ನಾನು ಸೀಮೆಸುಣ್ಣ ಎಸೆಯುವುದು, ಇದೂ ಪ್ರತಿ ವರ್ಷದ ಪದ್ಧತಿ. ಮಕ್ಕಳು ಕಂಠಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಅಂಕ ಪಡೆದು, ಬೇಸಿಗೆ ರಜೆಯಲ್ಲಿ ಮರೆಯುತ್ತಿದ್ದರು. ಒಬ್ಬ ಇಂಗ್ಲಿಷರವನ ಬಾಯಲ್ಲೂ ಆ ಬೆಕ್ಕು ನಾಯಿಗಳ ಮಳೆಯನ್ನು ನಾನು ಈವರೆಗೆ ಕೇಳಿಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷಿನಲ್ಲಿ ತರಗತಿಗೇ ಮೊದಲಿಗಳಾಗಿದ್ದ ಹುಡುಗಿಯೊಬ್ಬಳು ಪಿಯುಸಿಗೆ ವಿಜ್ಞಾನ ತೆಗೆದುಕೊಂಡು ಹೋದಳು. ಎರಡೇ ತಿಂಗಳಿಗೆ ಒಂದು ಸಂಜೆ ನಮ್ಮ ಮನೆಗೆ ಬಂದು ಜಗಲಿಯ ಮೇಲೆ ಕುಳಿತಳು. "ಮಿಸ್, ಬೋರ್ಡಿನ ಮೇಲೆ ಬರೆದರೆ ಎಲ್ಲ ಅರ್ಥವಾಗುತ್ತೆ. ಬಾಯಲ್ಲಿ ಹೇಳಿದರೆ ಒಂದೂ ಕಿವಿಗೆ ಹತ್ತೋದಿಲ್ಲ" ಎಂದಳು. ಆ ವರ್ಷ ಮುಗಿಯುವುದರೊಳಗೆ ಅವಳು ಕಾಲೇಜು ಬಿಟ್ಟಳು, ಮರುವರ್ಷ ಮದುವೆಯಾಯಿತು. ದಡ್ಡಿಯೆಂದು ಅವಳ ಅತ್ತೆಮನೆಯವರು ಹೇಳುತ್ತಾರಂತೆ. ಅವಳಿಗೆ ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅಂಕ ಕೊಟ್ಟವಳು ನಾನು. ಕಿವಿಗೆ ಏನನ್ನೂ ಕೊಡದವಳೂ ನಾನೇ.

ಇದಕ್ಕೆ ವಿರುದ್ಧವಾದ ಉದಾಹರಣೆ ನಮ್ಮ ಮನೆಯಲ್ಲಿಯೇ ಇತ್ತು. ನೋಡುವ ಕಣ್ಣು ನನಗಿರಲಿಲ್ಲ, ಅಷ್ಟೆ. ನನ್ನ ಅಣ್ಣ ಓದಿನಲ್ಲಿ ಸಾಧಾರಣ. ಆದರೆ 1970ರ ದಶಕದಲ್ಲಿ ಆಕಾಶವಾಣಿಯಲ್ಲಿ ಟೆಸ್ಟ್ ಪಂದ್ಯದ ಇಂಗ್ಲಿಷ್ ವಿವರಣೆ ಬರುವ ಐದು ದಿನ ಅವನು ಟ್ರಾನ್ಸಿಸ್ಟರನ್ನು ಕಿವಿಗೆ ಒತ್ತಿಕೊಂಡು ನಡುಮನೆಯ ಕಂಬಕ್ಕೆ ಒರಗಿ ಕುಳಿತುಬಿಡುತ್ತಿದ್ದ. ನಾನು ಹತ್ತಿರ ಹೋದರೆ ಅಜ್ಜಿ, "ಹೆಣ್ಣು ಹುಡುಗಿಗೆ ಅದ್ಯಾಕೆ, ಬಾ, ಅಕ್ಕಿ ಆರಿಸು" ಎಂದು ಕರೆಯುತ್ತಿದ್ದರು. ವ್ಯಾಕರಣದಲ್ಲಿ ನನಗೆ ಅವನಿಗಿಂತ ಹೆಚ್ಚು ಅಂಕ. ಆದರೆ ಸಂದರ್ಶನದಲ್ಲಿ ಇಂಗ್ಲಿಷಿನಲ್ಲಿ ಕೇಳಿದ ಪ್ರಶ್ನೆಗೆ ತಡವರಿಸದೆ ಉತ್ತರಿಸಿ ಕೆಲಸ ಹಿಡಿದವನು ಅವನು. ನಾನು ಬಿ.ಎಡ್. ಮುಗಿಸಿ ಇಂಗ್ಲಿಷ್ ಶಿಕ್ಷಕಿಯಾದ ಮೇಲೂ, ಬೇರೊಬ್ಬರು ವೇಗವಾಗಿ ಇಂಗ್ಲಿಷ್ ಮಾತನಾಡಿದರೆ ತಲೆಯಾಡಿಸಿ ನಕ್ಕು ಪಾರಾಗುತ್ತಿದ್ದೆ. ಈ ನಗೆಯ ವಿದ್ಯೆ ನನ್ನ ವಯಸ್ಸಿನ ಅನೇಕ ಶಿಕ್ಷಕಿಯರಿಗೆ ಗೊತ್ತು.

ನನ್ನ ಕಣ್ಣು ತೆರೆದದ್ದು 2023ರ ಆಗಸ್ಟ್ 12ರಂದು. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ದೇಶಗಳಲ್ಲಿ ಮಹಿಳೆಯರ ವಿಶ್ವಕಪ್ ನಡೆಯುತ್ತಿದ್ದ ಕಾಲ. ಆ ದೇಶಗಳ ಸಂಜೆ ನಮಗೆ ಮಧ್ಯಾಹ್ನ. ಶನಿವಾರದ ಬೆಳಗಿನ ಶಾಲೆ ಮುಗಿಸಿಕೊಂಡು, ನನ್ನ ಬಳಿ ಪಾಠಕ್ಕೆ ಬರುವ ನಾಲ್ವರು ಹುಡುಗಿಯರು ಬಂದಿದ್ದರು. ಬೆಂಗಳೂರಿನಿಂದ ಬಂದಿದ್ದ ಮೊಮ್ಮಗಳು ತನ್ನ ಮೊಬೈಲನ್ನು ಟಿವಿಗೆ ಜೋಡಿಸಿ ಬ್ರಿಸ್ಬೇನ್ ನಗರದ ಪಂದ್ಯವನ್ನು ಹಾಕಿಕೊಂಡು ಕುಳಿತಿದ್ದಳು. ಆಸ್ಟ್ರೇಲಿಯಾ, ಫ್ರಾನ್ಸ್ ತಂಡಗಳ ಕ್ವಾರ್ಟರ್ ಫೈನಲ್. ಪಾಠ ಅಂದು ನಡೆಯಲೇ ಇಲ್ಲ. ಹೆಚ್ಚುವರಿ ಸಮಯವೂ ಸೇರಿ 120 ನಿಮಿಷ ಆಡಿದರೂ ಒಂದು ಗೋಲಿಲ್ಲ. ಅನಂತರ ಪೆನಾಲ್ಟಿ ಒದೆತಗಳು, ಒಂದೊಂದು ತಂಡಕ್ಕೆ ಹತ್ತರಂತೆ ಇಪ್ಪತ್ತು. ಆಸ್ಟ್ರೇಲಿಯಾದ ಗೋಲ್‌ಕೀಪರ್ ಮೆಕೆಂಜಿ ಆರ್ನಾಲ್ಡ್ ತಾನೇ ಒದೆಯಲು ಬಂದಳು. ಹೊಡೆದರೆ ಗೆಲುವು, ಚೆಂಡು ಕಂಬಕ್ಕೆ ಬಡಿದು ಹೊರಗೆ ಹೋಯಿತು. ಮುಂದೆ ಅವಳೇ ಫ್ರಾನ್ಸಿನ ಒಂದು ಒದೆತವನ್ನು ತಡೆದಳು. ಗೆರೆ ಬಿಟ್ಟು ಮುಂದೆ ಬಂದೆಯೆಂದು ಮತ್ತೆ ಒದೆಸಿದರು, ಮತ್ತೆ ತಡೆದಳು. ಕೊನೆಗೆ ಕೋರ್ಟ್ನಿ ವೈನ್ ಹೊಡೆದ ಗೋಲಿನಿಂದ 7-6ರಲ್ಲಿ ಆಸ್ಟ್ರೇಲಿಯಾ ಗೆದ್ದಿತು. ಫುಟ್‌ಬಾಲಿನ ಒಂದು ನಿಯಮವೂ ತಿಳಿಯದ ನಮ್ಮ ಹುಡುಗಿಯರು ಕುರ್ಚಿಯ ತುದಿಗೆ ಬಂದಿದ್ದರು. ನಾನೂ ಅಷ್ಟೆ, ಒಲೆಯ ಮೇಲಿನ ಸಾರು ತಳ ಹತ್ತಿತು.

ಗಮನಿಸಬೇಕಾದ ಸಂಗತಿ ಇದು. ಆ ನಾಲ್ವರಲ್ಲಿ ಒಬ್ಬಳು ನನ್ನ ಕಡೆ ತಿರುಗಿ, "ಮಿಸ್, ಚೆಂಡು ಮರಗೆಲಸಕ್ಕೆ ಬಡಿಯಿತು ಅಂತಿದ್ದಾರಲ್ಲ, ಏನದು?" ಎಂದಳು. 'ವುಡ್‌ವರ್ಕ್' ಎಂಬ ಪದ ಅವಳ ಕಿವಿಗೆ ಬಿದ್ದಿತ್ತು. ನಕ್ಕೆವು. ಗೋಲಿನ ಕಂಬಗಳು ಹಿಂದೆ ಮರದವಾಗಿದ್ದವು, ಈಗ ಲೋಹದವು. ಮಾತು ಮಾತ್ರ ಮರದಲ್ಲಿಯೇ ಉಳಿದಿದೆ ಎಂದು ವಿವರಿಸಿದೆ. ನಮ್ಮ 'ಎಣ್ಣೆ'ಯೂ ಹಾಗೆಯೇ ಅಲ್ಲವೇ? ಎಳ್ಳಿನ ನೆಯ್ ಎಣ್ಣೆಯಾಯಿತು. ಈಗ ಕಡಲೆಕಾಯಿಯದ್ದೂ ಎಣ್ಣೆ, ಸೂರ್ಯಕಾಂತಿಯದ್ದೂ ಎಣ್ಣೆ. ಆ ಮಧ್ಯಾಹ್ನ ಆ ಹುಡುಗಿಗೆ ಒಂದು ಇಂಗ್ಲಿಷ್ ಪದದ ಜೊತೆ ಒಂದು ಕನ್ನಡ ಪದದ ಒಡಲೂ ತಿಳಿಯಿತು. ಎರಡು ವರ್ಷಗಳ ಮೇಲೂ ಅವಳು ಅದನ್ನು ಮರೆತಿರಲಿಲ್ಲ. ನನ್ನ ಐವತ್ತರ ಪಟ್ಟಿಯಿಂದ ಹೀಗೆ ಉಳಿದದ್ದು ಯಾವುದು?

ಈಗ ವ್ಯಾಕರಣಕ್ಕೆ ಬರೋಣ. ಮುಖ್ಯೋಪಾಧ್ಯಾಯರಿಗೆ ಅದೇ ಪ್ರಿಯವಾದ ಕ್ಷೇತ್ರ. ನಮ್ಮ ಮಕ್ಕಳ ಅತಿ ಸಾಮಾನ್ಯ ತಪ್ಪು ಯಾವುದು? 'ಶಿ ಗೋ', 'ಶಿ ಕಮ್' ಎನ್ನುವುದು. ಕ್ರಿಯಾಪದದ ತುದಿಯ ಆ ಒಂದು 'ಸ್' ಬಿಟ್ಟುಹೋಗುವುದು. ನಿಯಮವನ್ನು ಐದನೆಯ ತರಗತಿಯಿಂದ ಹತ್ತನೆಯ ತರಗತಿಯವರೆಗೆ ಹೇಳಿದರೂ ನಾಲಿಗೆಗೆ ಬಾರದು, ಏಕೆಂದರೆ ಕಿವಿ ಅದನ್ನು ಸಾಕಷ್ಟು ಸಲ ಕೇಳಿಯೇ ಇಲ್ಲ. ಮಹಿಳಾ ಪಂದ್ಯದ ವಿವರಣೆಯನ್ನು ಹತ್ತು ನಿಮಿಷ ಕೇಳಿರಿ: ಶಿ ಟರ್ನ್ಸ್, ಶಿ ಶೂಟ್ಸ್, ಶಿ ವಿನ್ಸ್ ಇಟ್ ಬ್ಯಾಕ್. ಆ 'ಸ್' ಮಳೆಯಂತೆ ಸುರಿಯುತ್ತದೆ. ಆಟದ ವಿವರಣೆಯಲ್ಲಿ ಸರಳ ವರ್ತಮಾನವನ್ನು ಬಳಸುತ್ತಾರೆಂದು ರೆನ್ ಮತ್ತು ಮಾರ್ಟಿನ್ ವ್ಯಾಕರಣದಲ್ಲಿಯೂ ಇದೆ. ನಾವು ಅದನ್ನು ಓದಿ ಪುಟ ತಿರುಗಿಸಿದೆವು. ನಮ್ಮವರಿಗೆ ಎಲ್ಲದಕ್ಕೂ 'ಇಂಗ್' ಹಚ್ಚುವ ಚಟ. 'ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್' ಎಂದು ಹೇಳುವ ಮಗುವಿಗೆ ನೂರು ತಿದ್ದುಪಡಿ ಮಾಡಿದರೂ ಆಗದ ಕೆಲಸವನ್ನು ಕಿವಿ ಮಾಡುತ್ತದೆ. ಇನ್ನು ಪ್ರೆಸೆಂಟ್ ಪರ್ಫೆಕ್ಟ್! ಅದರ ವ್ಯಾಖ್ಯೆಯನ್ನು ಬಾಯಿಪಾಠ ಮಾಡದವರಿಲ್ಲ, ಪ್ರಯೋಗಿಸಬಲ್ಲವರಿಲ್ಲ. ಆಟಗಾರ್ತಿ ಇಬ್ಬರನ್ನು ದಾಟಿ ಒದೆದ ಚೆಂಡು ಕಂಬಕ್ಕೆ ತಗುಲಿದ ಮರುಕ್ಷಣ 'ಶಿ ಹ್ಯಾಸ್ ಹಿಟ್ ದ ಪೋಸ್ಟ್' ಎಂಬ ದನಿ ಕೇಳುತ್ತದೆ. ಕ್ರಿಯೆ ಈಗತಾನೇ ಮುಗಿದಿದೆ, ಅದರ ಫಲ ಕಣ್ಣೆದುರಿಗಿದೆ. ಆ ಕಾಲರೂಪದ ಅರ್ಥವನ್ನು ಇದಕ್ಕಿಂತ ಚೆನ್ನಾಗಿ ನಾನಂತೂ ಯಾವ ಬೋರ್ಡಿನ ಮೇಲೂ ತೋರಿಸಿಲ್ಲ.

ಕ್ರಿಯಾಪದಕ್ಕೆ ಸಣ್ಣ ಪದ ಸೇರಿ ಅರ್ಥವೇ ಬದಲಾಗುವ ಜೋಡಿಪದಗಳು ಕನ್ನಡದ ಮಕ್ಕಳನ್ನು ಕಂಗೆಡಿಸುತ್ತವೆ. 'ಟೇಕ್' ಗೊತ್ತು, 'ಆನ್' ಗೊತ್ತು, 'ಟೇಕ್ ಆನ್' ಗೊತ್ತಿಲ್ಲ. ಪಂದ್ಯದಲ್ಲಿ ಅದು ಎದುರಾಳಿಗೆ ಎದುರಾಗಿಯೇ ಚೆಂಡನ್ನು ಒಯ್ಯುವುದು. ಹೊರಗಿನ ಬದುಕಿನಲ್ಲಿ ಕೆಲಸದ ಹೊಣೆ ಹೊರುವುದಕ್ಕೂ, ಬಲಾಢ್ಯರನ್ನು ಎದುರು ಹಾಕಿಕೊಳ್ಳುವುದಕ್ಕೂ ಅದೇ ಮಾತು. 'ಬ್ರಿಂಗ್ ಡೌನ್' ಎಂದರೆ ಓಡುವವಳನ್ನು ಕೆಡಹುವುದು. ಪತ್ರಿಕೆಯಲ್ಲಿ ಸರ್ಕಾರವನ್ನು ಉರುಳಿಸುವುದು, ಬೆಲೆ ಇಳಿಸುವುದು. 'ಹೋಲ್ಡ್ ಆನ್' ಎಂದರೆ ಗಳಿಸಿದ ಮುನ್ನಡೆಯನ್ನು ಹಲ್ಲುಕಚ್ಚಿ ಉಳಿಸಿಕೊಳ್ಳುವುದು. ದೂರವಾಣಿಯಲ್ಲಿ ತಡೆಯಿರಿ ಎಂದು. ಹಾಗೆಯೇ 'ಮೂವಿಂಗ್ ದ ಗೋಲ್‌ಪೋಸ್ಟ್ಸ್'. ನಡುವೆ ನಿಯಮ ಬದಲಾಯಿಸುವ ಈ ವಿದ್ಯೆಯನ್ನು ಇಲಾಖೆಯ ಸುತ್ತೋಲೆಗಳನ್ನು ಓದಿದ ಯಾವ ಶಿಕ್ಷಕರಿಗೂ ನಾನು ವಿವರಿಸಬೇಕಿಲ್ಲ.

"ಆಟದ ಭಾಷೆ ಒಂದು ಭಾಷೆಯೇ? ಭಾಷೆಯೆಂದರೆ ಸಾಹಿತ್ಯ" ಎಂದು ಸಭೆಯ ಊಟದ ಪಂಕ್ತಿಯಲ್ಲಿ ಇನ್ನೊಬ್ಬರು ಹೇಳಿದರು. ವರ್ಡ್ಸ್‌ವರ್ತ್ ಕವಿಯ ಡ್ಯಾಫೊಡಿಲ್ ಹೂಗಳನ್ನು ನಾನೂ ಕಣ್ಮುಚ್ಚಿ ಹೇಳಬಲ್ಲೆ. ಆ ಹೂವನ್ನು ನಾನೂ ಕಂಡಿಲ್ಲ, ನನ್ನ ಶಿಷ್ಯರೂ ಕಂಡಿಲ್ಲ. ಸಾಹಿತ್ಯ ಬೇಡವೆಂದು ನಾನು ಎಂದೂ ಹೇಳಿಲ್ಲ, ಓದು ಬೇಕೇ ಬೇಕು. ಆದರೆ ಆಟದ ಭಾಷೆಯನ್ನು ಹೀಗಳೆಯುವ ಮುನ್ನ ನಮ್ಮ ಕನ್ನಡವನ್ನೇ ನೋಡಿಕೊಳ್ಳಬೇಡವೇ? ಪಟ್ಟು ಹಿಡಿದು ಕೂರುವುದು, ತೊಡೆ ತಟ್ಟುವುದು, ಮಣ್ಣು ಮುಕ್ಕಿಸುವುದು, ಅಖಾಡಕ್ಕೆ ಇಳಿಯುವುದು, ಇವೆಲ್ಲ ಎಲ್ಲಿಂದ ಬಂದವು? ಗರಡಿಮನೆಯಿಂದ. ದಾಳ ಉರುಳಿಸುವುದು, ಗರ ಬೀಳುವುದು ಪಗಡೆಯ ಹಾಸಿನಿಂದ. ಚುನಾವಣೆಯ ಒಂದು ವರದಿಯನ್ನು ಈ ಮಾತುಗಳಿಲ್ಲದೆ ನಮ್ಮ ಪತ್ರಿಕೆಗಳು ಬರೆಯಲಾರವು. ಗರಡಿಮನೆಯೊಳಗೆ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ನಾವು ಜಗಲಿಯ ಮೇಲೆ ಅಳಗುಳಿಮಣೆ, ಚೌಕಾಬಾರ, ಅಂಗಳದಲ್ಲಿ ಕುಂಟೆಬಿಲ್ಲೆ ಆಡಿದೆವು. ಕುಂಟೆಬಿಲ್ಲೆಯಿಂದ ಹುಟ್ಟಿ ರಾಜಕೀಯ ವರದಿಗೆ ಏರಿದ ಒಂದು ನುಡಿಗಟ್ಟನ್ನು ಯಾರಾದರೂ ತೋರಿಸಿದರೆ ಅವರಿಗೆ ನಾನು ಋಣಿ.

ಇಲ್ಲಿಗೆ 'ಅದೂ ಹೆಂಗಸರ ಚೆಂಡಾಟ' ಎಂಬ ಮಾತಿಗೆ ಬಂದಂತಾಯಿತು. ನನಗೆ ನಿಜವಾಗಿ ಚುಚ್ಚಿದ್ದು ಅದೇ.

ನಮ್ಮ ಹಳೆಯ ವ್ಯಾಕರಣ ಪುಸ್ತಕಗಳ ಉದಾಹರಣೆಗಳನ್ನು ನೆನಪಿಸಿಕೊಳ್ಳಿ. ರಾಮ ಹುಲಿಯನ್ನು ಕೊಲ್ಲುತ್ತಾನೆ, ಗೋಪಾಲ ಬೆಟ್ಟ ಹತ್ತುತ್ತಾನೆ. ಸೀತೆ ಹಾಡುತ್ತಾಳೆ, ರಾಧೆ ಅಡುಗೆ ಮಾಡುತ್ತಾಳೆ. ಸಕರ್ಮಕ ಕರ್ಮಣಿ ಪ್ರಯೋಗಗಳನ್ನು ಬೋಧಿಸುತ್ತ ಬೋಧಿಸುತ್ತ, ಬಲವುಳ್ಳ ಕ್ರಿಯಾಪದಗಳನ್ನೆಲ್ಲ ಗಂಡುಮಕ್ಕಳಿಗೆ ಹಂಚಿದವರಲ್ಲಿ ನಾನೂ ಒಬ್ಬಳು. ಮಹಿಳಾ ಪಂದ್ಯದಲ್ಲಿ 'ಶಿ' ಎಂಬ ಕರ್ತೃ ನುಗ್ಗುತ್ತಾಳೆ, ತಡೆಯುತ್ತಾಳೆ, ಬೀಳುತ್ತಾಳೆ, ಏಳುತ್ತಾಳೆ, ಸಹ ಆಟಗಾರ್ತಿಯ ಮೇಲೆ ರೇಗುತ್ತಾಳೆ, ತಂಡವನ್ನು ನಡೆಸುತ್ತಾಳೆ. ಹದಿನಾಲ್ಕು ವರ್ಷದ ಹುಡುಗಿ ತನ್ನನ್ನು ಕರ್ತೃವಾಗಿಸಿಕೊಂಡು ವಾಕ್ಯ ಕಟ್ಟಲು ಕಲಿಯುವಾಗ ಇದು ಸಣ್ಣ ವ್ಯತ್ಯಾಸವಲ್ಲ. ಅಣ್ಣನಿಗೆ ಟ್ರಾನ್ಸಿಸ್ಟರ್ ಕೊಟ್ಟದ್ದು ಇಂಗ್ಲಿಷನ್ನು ಮಾತ್ರವಲ್ಲ, ಅದು ತನ್ನ ಭಾಷೆಯೆಂಬ ಧೈರ್ಯವನ್ನೂ ಸಹ.

ಇಂಗ್ಲೆಂಡಿನಲ್ಲಿಯೂ ಈ ಬಾಗಿಲು ಸುಲಭವಾಗಿ ತೆರೆದದ್ದಲ್ಲ. ಪ್ರೆಸ್ಟನ್ ನಗರದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಹೆಣ್ಣುಮಕ್ಕಳು ಮೊದಲ ಮಹಾಯುದ್ಧದ ಕಾಲದಲ್ಲಿ ಕಟ್ಟಿದ 'ಡಿಕ್ ಕೆರ್ ಲೇಡೀಸ್' ತಂಡದ ಆಟವನ್ನು ನೋಡಲು 1920ರ ಡಿಸೆಂಬರ್ 26ರಂದು ಲಿವರ್‌ಪೂಲಿನ ಗುಡಿಸನ್ ಪಾರ್ಕಿನಲ್ಲಿ 53,000 ಜನ ಸೇರಿದ್ದರು. ಒಂದು ವರ್ಷ ತುಂಬುವುದರೊಳಗೆ, 1921ರ ಡಿಸೆಂಬರ್ 5ರಂದು, ಈ ಆಟ ಹೆಂಗಸರಿಗೆ ತಕ್ಕುದಲ್ಲವೆಂದು ಅಲ್ಲಿನ ಫುಟ್‌ಬಾಲ್ ಸಂಸ್ಥೆ ತನ್ನ ಸದಸ್ಯ ಕ್ಲಬ್ಬುಗಳ ಮೈದಾನಗಳನ್ನು ಅವರಿಗೆ ಮುಚ್ಚಿತು. ಸುಮಾರು ಅರ್ಧ ಶತಮಾನ ಆ ನಿಷೇಧ ನಡೆಯಿತು. ಬಿಬಿಸಿಯ ಹೆಸರಾಂತ 'ಮ್ಯಾಚ್ ಆಫ್ ದ ಡೇ' ಕಾರ್ಯಕ್ರಮದಲ್ಲಿ ವೀಕ್ಷಕ ವಿವರಣೆ ನೀಡಲು ಮೊದಲ ಬಾರಿಗೆ ಒಬ್ಬ ಹೆಣ್ಣುಮಗಳು, ಜಾಕಿ ಓಟ್ಲಿ, ಕುಳಿತದ್ದು 2007ರಲ್ಲಿ. ಆಕೆ ಬಾಯಿ ತೆರೆಯುವ ಮುನ್ನವೇ ಆಕ್ಷೇಪಣೆಗಳು ಎದ್ದಿದ್ದವು. ನಮ್ಮ ಅಜ್ಜಿಯ 'ಅಕ್ಕಿ ಆರಿಸು ಬಾ' ಎಂಬುದರ ಇಂಗ್ಲಿಷ್ ರೂಪ ಅದು. 2022ರ ಜುಲೈ 31ರಂದು ವೆಂಬ್ಲಿಯಲ್ಲಿ ಇಂಗ್ಲೆಂಡ್ ಮಹಿಳೆಯರು ಜರ್ಮನಿಯನ್ನು 2-1ರಿಂದ ಸೋಲಿಸಿ ಯೂರೋಪಿನ ಪ್ರಶಸ್ತಿ ಪಡೆದಾಗ ನೋಡಲು ಬಂದವರು 87,192 ಮಂದಿ.

ಈ ಇತಿಹಾಸದ ಗುರುತು ಭಾಷೆಯಲ್ಲಿಯೂ ಉಳಿದಿದೆ, ಮತ್ತು ಅದೇ ಒಂದು ಒಳ್ಳೆಯ ಪಾಠ. ಹಿಂದಿನಿಂದ ಎದುರಾಳಿ ಬರುತ್ತಿದ್ದಾಳೆಂದು ಎಚ್ಚರಿಸಲು ಹೆಣ್ಣುಮಕ್ಕಳೂ 'ಮ್ಯಾನ್ ಆನ್' ಎಂದೇ ಕೂಗುವುದುಂಟು. 'ಮ್ಯಾನ್ ಆಫ್ ದ ಮ್ಯಾಚ್' ಮಾತ್ರ 'ಪ್ಲೇಯರ್ ಆಫ್ ದ ಮ್ಯಾಚ್' ಆಗಿದೆ. ಕ್ರಿಕೆಟ್ ನಿಯಮಗಳಲ್ಲಿ 'ಬ್ಯಾಟ್ಸ್‌ಮನ್' ಹೋಗಿ 'ಬ್ಯಾಟರ್' ಬಂದದ್ದು 2021ರಲ್ಲಿ. ಭಾಷೆ ಶಿಲಾಶಾಸನವಲ್ಲ, ಆಡುವವರು ಬದಲಾದರೆ ಅದೂ ಬದಲಾಗುತ್ತದೆ ಎಂಬುದನ್ನು ನಮ್ಮ ಹುಡುಗಿಯರು ಪುಸ್ತಕದಿಂದಲ್ಲ, ಕಿವಿಯಿಂದಲೇ ಕಂಡುಕೊಂಡರು. ಅವರಲ್ಲೊಬ್ಬಳು, "ಹಾಗಾದರೆ 'ಚೇರ್‌ಮನ್' ಅಂತ ನಮ್ಮ ಪಂಚಾಯ್ತಿ ಅಧ್ಯಕ್ಷೆಗೆ ಯಾಕೆ ಹೇಳ್ತಾರೆ ಮಿಸ್?" ಎಂದು ಕೇಳಿದಳು. ಪಂಚಾಯಿತಿಯವರನ್ನೇ ಕೇಳು ಎಂದೆ. ಕೇಳಿದಳೋ ಇಲ್ಲವೋ ತಿಳಿಯದು.

"ಕ್ರಿಕೆಟ್ಟೇ ಆಗಬಹುದಲ್ಲ?" ಎಂದು ಮಗ ಕೇಳಿದ. ನ್ಯಾಯವಾದ ಪ್ರಶ್ನೆ. 2025ರ ನವೆಂಬರ್ 2ರಂದು ನವಿ ಮುಂಬೈಯಲ್ಲಿ ದಕ್ಷಿಣ ಆಫ್ರಿಕಾವನ್ನು ಸೋಲಿಸಿ ನಮ್ಮ ಹೆಣ್ಣುಮಕ್ಕಳು ವಿಶ್ವಕಪ್ ಎತ್ತಿದ ರಾತ್ರಿ ನಾನೂ ನಿದ್ದೆಗೆಟ್ಟವಳೇ. ಕ್ರಿಕೆಟ್ ಬೇಡವೆನ್ನುವುದಿಲ್ಲ. ಆದರೆ 'ಸಿಲ್ಲಿ ಪಾಯಿಂಟ್', 'ಗೂಗ್ಲಿ' ಮುಂತಾದ ಪದಗಳು ಆ ಮೈದಾನದ ಗಡಿ ದಾಟುವುದು ಅಪರೂಪ. ಎಸೆತ ಎಸೆತದ ನಡುವಿನ ಬಿಡುವಿನಲ್ಲಿ ಅಂಕಿಸಂಖ್ಯೆಗಳ ಹರಟೆಯೇ ಹೆಚ್ಚು. ಫುಟ್‌ಬಾಲಿನಲ್ಲಿ ಚೆಂಡು ನಿಲ್ಲುವುದಿಲ್ಲ, ಮಾತೂ ನಿಲ್ಲುವುದಿಲ್ಲ. ಬಳಕೆಯಾಗುವುದು ಓಡು, ಹಿಡಿ, ಬಿಡು, ತಿರುಗು, ತಡೆ ಎಂಬ ದಿನಬಳಕೆಯ ಕ್ರಿಯಾಪದಗಳೇ.

ದೋಷಗಳಿಲ್ಲವೆಂದಲ್ಲ. ವಿವರಣೆಕಾರರಿಗೆ ಸವಕಲು ಮಾತುಗಳ ಹುಚ್ಚು ಬಹಳ. ಸ್ಕಾಟ್ಲೆಂಡಿನವರ ಉಚ್ಚಾರಣೆ ಇಂದಿಗೂ ನನಗೆ ಅರ್ಧಕ್ಕರ್ಧ ತಿಳಿಯದು. ಕಟ್ಟುಕಥೆಗಳೂ ಹರಡುತ್ತವೆ, ಅಂತಹ ಒಂದಕ್ಕೆ ನಾನೇ ಬಲಿಯಾದೆ. 1927ರ ಜನವರಿ 22ರಂದು ಬಿಬಿಸಿ ಮೊದಲ ಬಾರಿಗೆ ರೇಡಿಯೋದಲ್ಲಿ ಫುಟ್‌ಬಾಲ್ ವಿವರಣೆ ಪ್ರಸಾರ ಮಾಡಿದಾಗ, ಕೇಳುಗರಿಗೆ ಚೆಂಡು ಎಲ್ಲಿದೆಯೆಂದು ತಿಳಿಯಲೆಂದು ಮೈದಾನವನ್ನು ಅಂಕಿ ಹಾಕಿದ ಚೌಕಗಳಾಗಿ ವಿಂಗಡಿಸಿದ ನಕ್ಷೆಯನ್ನು ಪತ್ರಿಕೆಯಲ್ಲಿ ಮುದ್ರಿಸಿದ್ದರು. 'ಬ್ಯಾಕ್ ಟು ಸ್ಕ್ವೇರ್ ಒನ್' ಎಂಬ ಮಾತು ಹುಟ್ಟಿದ್ದು ಅಲ್ಲಿಂದಲೇ ಎಂದು ನಾನು ಹಲವು ತಂಡಗಳ ಮಕ್ಕಳಿಗೆ ಬಹಳ ಹೆಮ್ಮೆಯಿಂದ ಬೋಧಿಸಿದೆ. ನಕ್ಷೆ ನಿಜ, ನುಡಿಗಟ್ಟಿನ ಹುಟ್ಟಿಗೆ ಪುರಾವೆಯಿಲ್ಲ. ಅಚ್ಚಿನಲ್ಲಿ ಅದು ಕಾಣಿಸಿಕೊಳ್ಳುವುದು ಎಷ್ಟೋ ವರ್ಷಗಳ ನಂತರ, ಅದೂ ಹಾವು ಏಣಿ ಆಟದ ಪ್ರಸ್ತಾಪದೊಡನೆ. ಆ ಆಟ ನಮ್ಮ ದೇಶದಿಂದಲೇ ಅಲ್ಲಿಗೆ ಹೋದದ್ದು. ನಾಲ್ವರು ಹುಡುಗಿಯರ ಮುಂದೆ ನನ್ನ ತಪ್ಪನ್ನು ತಿದ್ದಿಕೊಂಡೆ. ಹಳೆಯ ವಿದ್ಯಾರ್ಥಿಗಳು ಯಾರಾದರೂ ಇದನ್ನು ಓದುತ್ತಿದ್ದರೆ ಅವರೂ ತಿದ್ದಿಕೊಳ್ಳಬೇಕೆಂದು ವಿನಂತಿ.

ನಾನು ಅನುಸರಿಸುವ ಕ್ರಮ ಬಹಳ ಸರಳ. ಮೊದಲು ದನಿ ಮುಚ್ಚಿ ಐದು ನಿಮಿಷದ ಆಟ ತೋರಿಸುವುದು. ನಡೆದದ್ದನ್ನು ಅವರು ಕನ್ನಡದಲ್ಲಿ ಹೇಳಬೇಕು. ಬಳಿಕ ಅದೇ ಐದು ನಿಮಿಷ ದನಿಯೊಡನೆ. ಕೇಳಿದ ಒಂದೇ ಒಂದು ಮಾತನ್ನು ಹಿಡಿದು, ಅದನ್ನು ಆಟದ ಹೊರಗೆ ತಮ್ಮ ಮನೆಯ, ಶಾಲೆಯ ಸಂಗತಿಗೆ ಹೊಂದಿಸಿ ವಾಕ್ಯ ಮಾಡಬೇಕು. ಇಂಗ್ಲಿಷ್ ಮಾಧ್ಯಮದ ಶುಲ್ಕಕ್ಕಾಗಿ ಎಮ್ಮೆ ಮಾರುವ ತಂದೆತಾಯಿಯರನ್ನು ನಾನು ಬಲ್ಲೆ. ಈ ನಾಲ್ವರೂ ಕನ್ನಡ ಮಾಧ್ಯಮದವರು, ಖರ್ಚಾದದ್ದು ಮೊಬೈಲಿನ ಡೇಟಾ ಮಾತ್ರ. ಗಣಿತದ ಕಿರುಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದುದೇಕೆಂದು ನಾನು ಗದರಿದಾಗ ಅವರಲ್ಲಿ ಅತಿ ಸಂಕೋಚದ ಹುಡುಗಿ ತಲೆ ತಗ್ಗಿಸಿಕೊಂಡೇ, "ಐ ಟುಕ್ ಮೈ ಐ ಆಫ್ ದ ಬಾಲ್, ಮಿಸ್" ಎಂದಳು. ನನ್ನ ಸಿಟ್ಟು ಎಲ್ಲಿ ಹೋಯಿತೋ! ಅವಳ ಅಮ್ಮನಿಗೆ ಅಂಕದ ವಿಷಯ ಹೇಳಲೇ ಇಲ್ಲ.

2027ರ ವಿಶ್ವಕಪ್ ಬ್ರೆಜಿಲ್ ದೇಶದ್ದು. ಅಲ್ಲಿನ ಸಂಜೆಯೆಂದರೆ ನಮಗೆ ನಡುರಾತ್ರಿ, ಆ ಹೊತ್ತಿಗೆ ಹೆಣ್ಣುಮಕ್ಕಳನ್ನು ಯಾವ ಮನೆಯವರೂ ಕಳುಹಿಸರು. ಮರುದಿನ ಸಂಜೆ ನಮ್ಮ ಮನೆಯಲ್ಲಿಯೇ ಪೂರ್ಣ ಪಂದ್ಯವನ್ನು ತೋರಿಸುವುದೆಂದು ಈಗಲೇ ತೀರ್ಮಾನಿಸಿದ್ದೇವೆ. ಅಷ್ಟರೊಳಗೆ ಫಲಿತಾಂಶವನ್ನು ತಿಳಿದುಕೊಂಡು ಬಂದು ಬಾಯಿ ಬಿಟ್ಟವಳಿಗೆ ಚಹಾ ಇಲ್ಲ. ಮುಖ್ಯೋಪಾಧ್ಯಾಯರಿಗೂ ಆಹ್ವಾನವಿದೆ, ಅವರಿಗೂ ಇದೇ ನಿಯಮ.